ಷಟರ್ ಎಳೆದವರು ಯಾರು?

ಬೆಳಿಗ್ಗೆ ಏಳೂವರೆಗೆ, ಅಂಗಡಿಯವರ ಫೋನು ಎತ್ತುವ ಫೋನಮ್ಮ ಆಫೀಸಿನ ಬಾಗಿಲು ತೆರೆದಾಗ ಅವಳ ಮೇಜಿನ ಮೇಲಿನ ನಾಲ್ಕು ಫೋನುಗಳೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಮುನ್ನೂರ ನಲವತ್ತು ಆನ್‌ಲೈನ್ ಅಂಗಡಿಗಳಿಗೆ ಆರ್ಡರ್ ತೆಗೆದುಕೊಳ್ಳುವ, ದಾಸ್ತಾನು ನೋಡಿಕೊಳ್ಳುವ, ಪೊಟ್ಟಣಕ್ಕೆ ವಿಳಾಸದ ಚೀಟಿ ಮುದ್ರಿಸುವ ಸಾಫ್ಟ್‌ವೇರ್ ಈ ಆಫೀಸಿನದು. ಅಂಗಡಿಯವರೆಲ್ಲರ ದೂರು ಒಂದೇ. ಪರದೆ ಬೆಳ್ಳಗಾಗಿದೆ. ಅವಳು ತನ್ನ ಕಂಪ್ಯೂಟರ್ ತೆರೆದಳು. ಅಲ್ಲೂ ಬಿಳಿ. ಹನ್ನೊಂದು ವರ್ಷದ ಕೆಲಸ ಒಂದು ಸಾಲೂ ಉಳಿಯದೆ ಅಳಿಸಿಹೋಗಿತ್ತು. ಬೇರೊಂದು ಕಂಪನಿಯಲ್ಲಿ ಕಾಪಿಟ್ಟಿದ್ದ ನಕಲೂ ಇರಲಿಲ್ಲ.

ಅದೇ ದಿನ ಸಂಜೆ ನಾಲ್ಕಕ್ಕೆ ಈ ಪುಟ್ಟ ಕಂಪನಿ ದೊಡ್ಡ ಕಂಪನಿಯ ಪಾಲಾಗುವುದಿತ್ತು. ದೊಡ್ಡ ಕಂಪನಿಗೆ ಹಸಿವು ಜಾಸ್ತಿ. ಒಂದೂವರೆ ವರ್ಷದಲ್ಲಿ ಹಣ ಪಾವತಿ ಮಾಡಿಸುವ ಕಂಪನಿ, ಕೊರಿಯರ್ ಹೊಂದಿಸುವ ಕಂಪನಿ, ನಕಲು ಕಾಪಿಡುವ ಆ ಕಂಪನಿ, ಎಲ್ಲವನ್ನೂ ಒಂದೊಂದಾಗಿ ನುಂಗಿ ನೀರು ಕುಡಿದಿತ್ತು. ನುಂಗಿದ ಮರುವಾರವೇ ಅಲ್ಲಿನವರನ್ನು ಮನೆಗೆ ಕಳಿಸುವುದು ಅದರ ರೂಢಿ.

ಇಲ್ಲಿಯ ಒಡತಿಗೆ ಇದು ಗೊತ್ತಿತ್ತು. ಆಫೀಸಿನವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಏಳು ತಿಂಗಳು ಹಠ ಹಿಡಿದು ಅವಳು ಒಪ್ಪಂದದಲ್ಲಿ ಒಂದು ಷರತ್ತು ಬರೆಸಿದ್ದಳು: ತನ್ನ ಹನ್ನೊಂದು ಜನರಲ್ಲಿ ಒಬ್ಬರನ್ನೂ ಮೂರು ವರ್ಷ ಕೆಲಸದಿಂದ ತೆಗೆಯುವಂತಿಲ್ಲ. ದೊಡ್ಡ ಕಂಪನಿ ಅದರ ಕೆಳಗೆ ತನ್ನದೊಂದು ಸಾಲು ಸೇರಿಸಿತ್ತು: ಮಾರುವವರ ಕಡೆಯವರೇ ಸಾಫ್ಟ್‌ವೇರಿಗೆ ಹಾನಿ ಮಾಡಿದರೆ ಆ ಷರತ್ತು ರದ್ದು.

ಅಳಿಸಿದ್ದು ಯಾರು? ಹನ್ನೊಂದು ಮನೆಗಳ ಅನ್ನ ಈಗ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು.

ಅದನ್ನು ಪತ್ತೆ ಮಾಡಲು ದೊಡ್ಡಮ್ಮನನ್ನೂ ನನ್ನನ್ನೂ ಕರೆಸಿದ್ದು ದೊಡ್ಡ ಕಂಪನಿಯೇ. ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಮೂವತ್ತು ವರ್ಷ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಇಂಥ ಕೇಸುಗಳಿಗೆ ಕೈಹಾಕಿದವಳು. ನಾನು ಅವಳ ಲ್ಯಾಪ್‌ಟಾಪ್ ಹೊರುವವನು. ನನಗೆ ಮೂವತ್ತೆಂಟು ವರ್ಷ, ಅವಳ ಪ್ರಕಾರ ಬುದ್ಧಿ ಬರುವುದು ಇನ್ನೂ ಬಾಕಿ.

ನಾವು ಹೋಗುವಷ್ಟರಲ್ಲಿ ದೊಡ್ಡ ಕಂಪನಿಯ ಮೇಡಂ ತೀರ್ಪು ಕೊಟ್ಟಾಗಿತ್ತು. ಯಾರು ಯಾವಾಗ ಒಳಬಂದರು ಎಂಬ ದಾಖಲೆ ಬೇರೆ ಯಂತ್ರದಲ್ಲಿದ್ದುದರಿಂದ ಉಳಿದಿತ್ತು. ಅದರಲ್ಲಿ ಎರಡೇ ಸಾಲು.

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ — ಷಟರ್ ಇಳಿಯಿತು. ಒಳಗಿರುವ ಗಿರಾಕಿಗಳು: ಸೊನ್ನೆ.

ಆರು ಗಂಟೆ ಇಪ್ಪತ್ತು ನಿಮಿಷ — ನಕಲೂ ಸೇರಿ ಎಲ್ಲವೂ ಅಳಿಸಿಹೋಯಿತು.

ಎರಡೂ ಗಡ್ಡದವನ ಪಾಸ್‌ವರ್ಡಿನಿಂದ ಆದ ಕೆಲಸ. ಗಡ್ಡದವನು ಇಲ್ಲಿಯ ಹಿರಿಯ ಪ್ರೋಗ್ರಾಮರ್. ಹಿಂದಿನ ವಾರದ ಮೀಟಿಂಗಿನಲ್ಲಿ, ‘ಇವರ ಕೈಗೆ ಕೊಡೋ ಬದಲು ಅಳಿಸಿ ಹಾಕೋದೇ ಮೇಲು’ ಎಂದು ಮೇಜು ಗುದ್ದಿದ್ದನಂತೆ. ಈಗ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಬಾಗಿಲಲ್ಲಿ ದೊಡ್ಡ ಕಂಪನಿಯ ಕಾವಲುಗಾರ ನಿಂತಿದ್ದ. ಜತೆಯಲ್ಲಿ ಕೆಲಸ ಮಾಡಿದವರು ಒಬ್ಬರೂ ಅವನ ಮುಖ ನೋಡುತ್ತಿರಲಿಲ್ಲ. ಅವನಿಂದಾಗಿ ತಾವೂ ಬೀದಿಗೆ ಬಿದ್ದೆವು ಎಂದು ಅವರು ಆಗಲೇ ನಂಬಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು.

“ಷಟರ್ ಅಂದ್ರೇನು?” ಎಂದಳು ದೊಡ್ಡಮ್ಮ.

ಫೋನಮ್ಮ ವಿವರಿಸಿದಳು. ಸಾಫ್ಟ್‌ವೇರಿಗೆ ಕೈಹಾಕುವ ಮುನ್ನ ಹೊಸ ಗಿರಾಕಿಗಳು ಬರದಂತೆ ಮುಚ್ಚುವುದಕ್ಕೆ ಅವರಿಟ್ಟ ಹೆಸರು ಅದು. ಆಗಲೇ ಒಳಗಿದ್ದು ಹಣ ಕಟ್ಟುತ್ತಿರುವವರು ನಿಧಾನಕ್ಕೆ ಮುಗಿಸಿ ಹೋಗಬಹುದು. ಹಣ ಕಟ್ಟುತ್ತಿರುವವನನ್ನು ನಡುವೆ ತಡೆಯಬಾರದು ಎಂಬುದು ಅಕ್ಕ ಮೊದಲ ದಿನದಿಂದ ಎಲ್ಲರಿಗೂ ಕಲಿಸಿದ ಪಾಠ.

“ಹೊರಗಿನವರಾಗಿದ್ರೆ ಗಿರಾಕಿಗಳ ಚಿಂತೆ ಯಾಕೆ ಮಾಡ್ತಿದ್ರು?” ಎಂದರು ಮೇಡಂ. “ಇಲ್ಲಿಯ ಪಾಠ ಕಲಿತವರದ್ದೇ ಕೆಲಸ.”

ಮಾತು ಸರಿಯಾಗಿಯೇ ಇತ್ತು.

ದೊಡ್ಡಮ್ಮ ಒಬ್ಬೊಬ್ಬರನ್ನೇ ಒಳಗಿನ ಕೋಣೆಗೆ ಕರೆದಳು. ಗಡ್ಡದವನು ಮನೆಯಲ್ಲಿ ಮಲಗಿದ್ದೆ ಎಂದ. ಸಾಕ್ಷಿ ಯಾರೂ ಇಲ್ಲ. ಪಾಸ್‌ವರ್ಡು ಇನ್ನಾರಿಗೆ ಗೊತ್ತು? ಎಲ್ಲರ ಪಾಸ್‌ವರ್ಡುಗಳನ್ನೂ ಹತ್ತು ದಿನದ ಹಿಂದೆ ಪರಿಶೀಲನೆಗೆಂದು ದೊಡ್ಡ ಕಂಪನಿಗೆ ಕೊಡಲಾಗಿತ್ತು. ಅಕ್ಕನ ಬಳಿಯೂ ಪಟ್ಟಿ ಇತ್ತು. ಫೋನಮ್ಮನೇ ಅದನ್ನು ಟೈಪ್ ಮಾಡಿದವಳು.

ಅಂದರೆ ಯಾರು ಬೇಕಾದರೂ ಆಗಬಹುದಿತ್ತು.

ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿದಳು. ಈ ಸಾಫ್ಟ್‌ವೇರನ್ನು ನಿಲ್ಲಿಸಬೇಕೆಂದರೆ ನೀವು ಹೇಗೆ ನಿಲ್ಲಿಸುತ್ತೀರಿ? ಗಡ್ಡದವನು, ಫೋನಮ್ಮ, ಅಕ್ಕ, ಮೂವರೂ ಒಂದೇ ಉತ್ತರ ಕೊಟ್ಟರು: ಷಟರ್ ಎಳೆಯುವುದು, ಪರದೆಯಲ್ಲಿ ಗಿರಾಕಿಗಳ ಸಂಖ್ಯೆ ನೋಡುವುದು, ಸೊನ್ನೆಯಾದ ಕೂಡಲೇ ಮುಂದುವರಿಯುವುದು. ನನಗೆ ಆಕಳಿಕೆ ಬಂತು.

ಕೊನೆಯಲ್ಲಿ ಬಂದವನು ಅಕ್ಕನ ಸ್ವಂತ ತಮ್ಮ. ಅಕ್ಕನ ಜತೆ ಸೇರಿ ಈ ಆಫೀಸು ಕಟ್ಟಿದವನು, ಎರಡು ವರ್ಷದ ಹಿಂದೆ ದೊಡ್ಡ ಕಂಪನಿಗೆ ಸೇರಿಕೊಂಡಿದ್ದ. ಈ ಖರೀದಿಯ ಪರಿಶೀಲನೆಗೆ ಅವರು ಕಳಿಸಿದ್ದೂ ಅವನನ್ನೇ. ಅವನ ಕಣ್ಣು ಕೆಂಪಾಗಿತ್ತು.

“ಅಕ್ಕಂಗೆ ಹೀಗಾಗಬಾರದಿತ್ತು,” ಎಂದ. “ಇದನ್ನ ಅವಳು ಮಗು ಥರ ಸಾಕಿದ್ದಳು. ಗಡ್ಡ ಇಂಥ ಕೆಲಸ ಮಾಡ್ತಾನೆ ಅಂತ ಅಂದ್ಕೊಂಡಿರಲಿಲ್ಲ.”

“ನೀವಾದ್ರೆ ಹೇಗೆ ನಿಲ್ಲಿಸ್ತಿದ್ರಿ?”

“ಷಟರ್ ಎಳೆದು ಹತ್ತು ನಿಮಿಷ ಬಿಡ್ತೀವಿ. ಕಟ್ತಾ ಇರೋರು ಅಷ್ಟರೊಳಗೆ ಮುಗಿಸ್ತಾರೆ. ಆ ನಿಯಮ ಮಾಡಿದ್ದೇ ನಾನು.”

ದೊಡ್ಡಮ್ಮ ತಲೆಯಾಡಿಸಿ ಅವನನ್ನು ಕಳಿಸಿದಳು.

ನಾನು ನನ್ನ ಊಹೆ ಮುಂದಿಟ್ಟೆ: ಗಡ್ಡದವನು ಷಟರ್ ಎಳೆದಿದ್ದಾನೆ, ಮನಸ್ಸಾಕ್ಷಿ ಚುಚ್ಚಿದೆ, ಹತ್ತು ನಿಮಿಷ ಒದ್ದಾಡಿ ಕೊನೆಗೆ ಅಳಿಸಿದ್ದಾನೆ.

“ಮನಸ್ಸಾಕ್ಷಿ ಗಡಿಯಾರ ನೋಡ್ಕೊಂಡು ಚುಚ್ಚಲ್ಲ ಕಣೋ,” ಎಂದಳು ಅವಳು.

ಮೂರೂವರೆಗೆ ಎಲ್ಲರೂ ಉದ್ದ ಮೇಜಿನ ಸುತ್ತ ಸೇರಿದರು. ಒಪ್ಪಂದದ ಕಾಗದ ನಡುವೆ ಇತ್ತು. ಹನ್ನೊಂದು ಜನ ಗೋಡೆಗೊರಗಿ ನಿಂತಿದ್ದರು.

ದೊಡ್ಡಮ್ಮ ಪೀಠಿಕೆ ಹಾಕಲಿಲ್ಲ. ಷಟರ್ ಎಳೆದಾಗ ಒಳಗಿದ್ದ ಗಿರಾಕಿಗಳು ಎಷ್ಟು? ಸೊನ್ನೆ. ದಾಖಲೆಯಲ್ಲೇ ಇದೆ. ಆದರೂ ಅಳಿಸಿದವನು ಹತ್ತು ನಿಮಿಷ ಕಾದ. ಖಾಲಿ ಅಂಗಡಿಯಲ್ಲಿ ಯಾರಿಗಾಗಿ ಕಾದ? ಹೊರಗಿನ ಕಳ್ಳನಾದರೆ ಷಟರನ್ನೇ ಎಳೆಯುತ್ತಿರಲಿಲ್ಲ. ಈಗ ಇಲ್ಲಿ ಕೆಲಸ ಮಾಡುವವರಾದರೆ ಸೊನ್ನೆ ಕಂಡ ಕ್ಷಣ ಅಳಿಸಿ ಎದ್ದುಹೋಗುತ್ತಿದ್ದರು.

“ಒಳಗೆ ಎಷ್ಟು ಜನ ಇದ್ದಾರೆ ಅಂತ ತೋರಿಸೋ ಸಂಖ್ಯೆ ಯಾವಾಗ ಬಂತು?” ಎಂದು ಗಡ್ಡದವನನ್ನು ಕೇಳಿದಳು.

“ಹೋದ ವರ್ಷ. ನಾನೇ ಸೇರಿಸಿದೆ. ಅದಕ್ಕೆ ಮುಂಚೆ ಕುರುಡಾಗಿ ಹತ್ತು ನಿಮಿಷ ಕಾಯ್ತಿದ್ವಿ.”

“ಇಲ್ಲಿಯ ಪಾಠ ಕಲಿತವನು. ಆದರೆ ಹೋದ ವರ್ಷ ಇಲ್ಲಿ ಇರದಿದ್ದವನು,” ಎಂದಳು ದೊಡ್ಡಮ್ಮ. “ಹಳೇ ರೂಢಿ ಕೈ ಬಿಡಲಿಲ್ಲ. ಬೆಳಿಗ್ಗೆ ಆರು ಗಂಟೆಗೆ, ಅಕ್ಕನ ಕೊರಳು ಕೊಯ್ಯೋ ಹೊತ್ತಲ್ಲೂ ಅಕ್ಕ ಕಲಿಸಿದ ಪಾಠ ಪಾಲಿಸಿದ್ರಿ. ಅಲ್ವಾ?”

ಎಲ್ಲರ ಕಣ್ಣೂ ತಮ್ಮನ ಕಡೆ ತಿರುಗಿತು.

“ಇವರು ಹನ್ನೊಂದು ಜನ ಉಳಿದ್ರೆ ನನ್ನ ಟೀಮಿನ ಹನ್ನೊಂದು ಜನ ಹೋಗಬೇಕಿತ್ತು,” ಎಂದ, ಮೇಜನ್ನು ನೋಡುತ್ತ. “ಇಬ್ಬರಿಗೂ ಜಾಗ ಇರಲಿಲ್ಲ ಅಕ್ಕ.”

ಅಕ್ಕ ಅವನನ್ನು ನೋಡಲೇ ಇಲ್ಲ. ಎದ್ದು ಹೋಗಿ ಗಡ್ಡದವನ ಹೆಗಲ ಮೇಲೆ ಕೈಯಿಟ್ಟಳು. ಆಮೇಲೆ ಮೇಡಂ ಕಡೆ ತಿರುಗಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವಳ ದನಿಯಲ್ಲಿ ಜೀವ ಇತ್ತು. “ಹಾನಿ ಮಾಡಿದ್ದು ನಿಮ್ಮ ಕಡೆಯವನು. ಷರತ್ತು ಹಾಗೇ ಇರುತ್ತೆ. ನನ್ನ ಜನ ಉಳೀತಾರೆ.”

ಗೋಡೆಗೊರಗಿದ್ದವರು ಉಸಿರು ಬಿಟ್ಟರು. ನಾನೂ ಬಿಟ್ಟೆ.

ಮೇಡಂ ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಜಾರಿಸಿದರು. ಅಕ್ಕನ ಕಂಪನಿಯ ನೋಂದಣಿ ಪತ್ರ ಅದು. ಪಾಲುದಾರರು ಇಬ್ಬರು. ಎರಡನೆಯ ಹೆಸರು ತಮ್ಮನದು.

“ಇವರು ನಮ್ಮಲ್ಲಿ ಕೆಲಸಕ್ಕಿದ್ದಾರೆ, ನಿಜ,” ಎಂದರು ಮೇಡಂ. “ಆದರೆ ಕಾಗದದಲ್ಲಿ ಇವತ್ತಿಗೂ ನಿಮ್ಮ ಪಾಲುದಾರರು. ಮಾರುವವರ ಕಡೆಯವರು. ನೀವು ಹೆಸರು ತೆಗೆಸಿಲ್ಲ. ಹಾಗಾಗಿ ಷರತ್ತು ರದ್ದು.”

“ಅಮ್ಮ ಬೇಡ ಅಂದಿದ್ದಳು,” ಎಂದಳು ಅಕ್ಕ. “ಇವತ್ತಲ್ಲ ನಾಳೆ ವಾಪಸ್ ಬರ್ತಾನೆ, ಅವನ ಜಾಗ ಇರಲಿ ಅಂದಿದ್ದಳು.”

ದೊಡ್ಡಮ್ಮನ ಮುಖ ಕಪ್ಪಿಟ್ಟಿತು. “ಪರಿಶೀಲನೆಗೆ ಇವರನ್ನೇ ಕಳಿಸಿದ್ದು ಅದಕ್ಕಾ?”

ಮೇಡಂ ನೋಂದಣಿ ಪತ್ರವನ್ನು ಮತ್ತೆ ಫೈಲಿಗೆ ಸೇರಿಸಿದರು. ಅಳಿಸಿದ್ದು ಗಡ್ಡದವರಾದರೂ ಇವರಾದರೂ ತಮಗೆ ಒಂದೇ ಎಂದರು, ವರದಿ ಚೆನ್ನಾಗಿ ಬಂದಿದೆ ಎಂದು ಹೊಗಳಿದರು. ಪೊಲೀಸರಿಗೆ ದೂರು ಕೊಡುವುದಿದ್ದರೆ ಧಾರಾಳವಾಗಿ ಕೊಡಬಹುದು. ಆದರೆ ತನಿಖೆ ಮುಗಿಯುವವರೆಗೆ ಸಹಿ ಇಲ್ಲ, ಅಲ್ಲಿಯವರೆಗೆ ಮುನ್ನೂರ ನಲವತ್ತು ಅಂಗಡಿಗಳೂ ಮುಚ್ಚಿರುತ್ತವೆ. ಈಗಲೇ ಸಹಿ ಬಿದ್ದರೆ, ಪರಿಶೀಲನೆಯಲ್ಲಿ ತೆಗೆದಿಟ್ಟುಕೊಂಡ ಅಂಗಡಿಗಳ ದಾಸ್ತಾನು, ಆರ್ಡರ್ ಪಟ್ಟಿಗಳಿಂದ ಎರಡು ಗಂಟೆಯೊಳಗೆ ಎಲ್ಲವನ್ನೂ ತಮ್ಮ ಸಾಫ್ಟ್‌ವೇರಿನಲ್ಲಿ ಶುರು ಮಾಡಿಕೊಡುತ್ತಾರಂತೆ. ಆಮೇಲೆ ತಮ್ಮನ ಕಡೆ ನೋಡಿ, ಇಂಥವರನ್ನು ತಾವೂ ಇಟ್ಟುಕೊಳ್ಳುವಂತಿಲ್ಲ ಎಂದರು. ಅವನ ಟೀಮಿನ ವಿಷಯ ಮುಂದಿನ ವಾರ ನೋಡೋಣ ಎಂದೂ ಸೇರಿಸಿದರು.

ಹೊರಗಿನ ಕೋಣೆಯಲ್ಲಿ ಫೋನುಗಳು ಇನ್ನೂ ಬಡಿದುಕೊಳ್ಳುತ್ತಿದ್ದವು. ಅಕ್ಕ ಒಂದೊಂದೇ ಮುಖ ನೋಡಿದಳು, ಹನ್ನೊಂದನ್ನೂ. ಗಡ್ಡದವನೇ ತನ್ನ ಜೇಬಿನಿಂದ ಪೆನ್ನು ತೆಗೆದು ಅವಳಿಗೆ ಕೊಟ್ಟ.

“ಅಂಗಡಿಯವರೇನು ತಪ್ಪು ಮಾಡಿದ್ದಾರೆ?” ಎಂದ. “ಹಾಕಿಬಿಡಿ ಅಕ್ಕ.”

ಅವಳು ಸಹಿ ಹಾಕಿದಳು. ಫೋನಮ್ಮ ಹೊರಗೆ ಹೋಗಿ ಮೊದಲ ಫೋನು ಎತ್ತಿಕೊಂಡು, ಎರಡು ಗಂಟೆಯಲ್ಲಿ ಎಲ್ಲ ಸರಿಹೋಗುತ್ತದೆ, ನಾಳೆಯಿಂದ ಬೇರೆಯವರು ನೋಡಿಕೊಳ್ಳುತ್ತಾರೆ ಎಂದು ಹೇಳತೊಡಗಿದಳು.