ಏಳನೇ ಲೈನಿನ ದನಿ

ಸೋಮವಾರ ಬೆಳಿಗ್ಗೆ 11.25ಕ್ಕೆ ಪ್ರಸಾರ ಕೇಂದ್ರದ ತಾಂತ್ರಿಕ ಮುಖ್ಯಸ್ಥರು ಠಾಣೆಗೆ ಬಂದರು. 10.40ರ ಹವಾಮಾನ ವರದಿಯ ನೇರ ಪ್ರಸಾರದಲ್ಲಿ ಯಾರೋ ನುಗ್ಗಿದ್ದರು. ಮರುದಿನ ಗುಜರಿಗೆ ಹೋಗಬೇಕಿದ್ದ ಹಳೆಯ ಧ್ವನಿಮುದ್ರಣದ ಪೆಟ್ಟಿಗೆಯೊಂದು ಯಂತ್ರಗಳ ಕೋಣೆಯಿಂದ ಕಾಣೆಯಾಗಿತ್ತು.

“ನುಗ್ಗಿದ್ದು ಯಾರು?” ಇನ್‌ಸ್ಪೆಕ್ಟರ್ ಕೇಳಿದರು.

“ಹೆಂಗಸಿನ ದನಿ, ಮೇಡಂ. ಹದಿನಾಲ್ಕು ಸೆಕೆಂಡ್.”

“ಬೆದರಿಕೆಯಾ?”

ಮುಖ್ಯಸ್ಥರು ಫೋನಿನಲ್ಲಿ ಪ್ರಸಾರದ ಆ ತುಣುಕು ತೋರಿಸಿದರು. ಹವಾಮಾನ ಓದುವವರ ತುಟಿ ಆಡುತ್ತಿತ್ತು, ಅವರ ಮಾತು ಕೇಳುತ್ತಿರಲಿಲ್ಲ. ಬದಲಿಗೆ ಆ ದನಿ: “ಇದು ಏಳನೇ ಲೈನು. ಕೇಳಿಸ್ತಾ? ಕೇಳಿಸಿದ್ರೆ ಕೈ ಎತ್ತಿ. ರೀ, ಕೈ ಎತ್ತಿ ಅಂದೆ, ತಲೆ ಕೆರ್ಕೊಳ್ಳಿ ಅನ್ಲಿಲ್ಲ.” ಹವಾಮಾನ ಓದುವವರು ಅತ್ತಿತ್ತ ನೋಡಿ, ಶಾಲೆಯ ಮಗುವಿನಂತೆ ನೆಟ್ಟಗೆ ಕೈ ಎತ್ತಿದರು.

ಕಾನ್‌ಸ್ಟೆಬಲ್ ಕೆಮ್ಮಿನಲ್ಲಿ ನಗು ಅಡಗಿಸಿದ. ಬಾಯಿಗೆ ಬಿಡುವು ಕೊಡದ ಅವನನ್ನು ಠಾಣೆಯಲ್ಲಿ ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು.

“ಯಾರ ದನಿ ಇದು?”

“ಗೊತ್ತಿಲ್ಲ. ನಾನು ಇಲ್ಲಿಗೆ ಬಂದು ಆರು ತಿಂಗಳು.”

ಎಫ್‌ಐಆರ್ ದಾಖಲಾಯಿತು. 12.10ಕ್ಕೆ ಇನ್‌ಸ್ಪೆಕ್ಟರ್, ರೇಡಿಯೋ ಇಬ್ಬರೂ ಕೇಂದ್ರ ತಲುಪಿದರು. ಮುಖ್ಯಸ್ಥರು ಪರದೆಯ ಮೇಲೆ ದಾಖಲೆ ತೆರೆದರು. 10.40ಕ್ಕೆ ಕಾಣೆಯಾದ ಪೆಟ್ಟಿಗೆಯ ‘ಲೈನ್ ಏಳು’ ಎಂಬ ಲೈನು ಉಗ್ರಾಣದ ಗೋಡೆಯ ಸಾಕೆಟ್‌ನಿಂದ ಸೇರಿಕೊಂಡಿತ್ತು. ಹವಾಮಾನದ ಮೈಕಿನ ಹೆಸರೂ ಅದೇ.

“ಮೊದಲು ಮೈಕಿಗೊಂದು, ಕ್ಯಾಮೆರಾಕ್ಕೊಂದು ಬೇರೆ ಬೇರೆ ಕೇಬಲ್ ಇತ್ತು. ಈಗ ಚಿತ್ರ, ಶಬ್ದ ಎಲ್ಲಾ ಒಂದೇ ನೆಟ್‌ವರ್ಕ್‌ನಲ್ಲಿ ಓಡುತ್ತೆ. ಯಾವ ಕೋಣೆಯಿಂದ ಬಂದ್ರೂ ಸರಿ, ಹೆಸರು ನೋಡಿ ಒಳಗೆ ಬಿಡುತ್ತೆ.”

“ಕೂಡುಕುಟುಂಬ ಅನ್ನಿ,” ಎಂದ ರೇಡಿಯೋ. “ಅಡುಗೆಮನೇಲಿ ಗೊಣಗಿದ್ರೆ ಜಗಲಿಗೂ ಕೇಳ್ಸುತ್ತೆ.”

12.45ಕ್ಕೆ ಇಬ್ಬರು ಪಂಚರ ಸಮಕ್ಷಮ ಉಗ್ರಾಣದ ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಗೋಡೆಯಲ್ಲಿ ಸಾಕೆಟ್, ಮೇಲೆ ಹಳೆಯ ಸ್ಪೀಕರ್. ಮೇಜಿನ ಮೇಲೆ ಒಂದು ವೈರು, ದುಂಡಗೆ ಸುತ್ತಿ ಮೇಣದ ದಾರದಲ್ಲಿ ಕಟ್ಟಿದ್ದು. ಗೇಣಳತೆಗೊಂದರಂತೆ ಐದು ಗಂಟು.

“ಕದ್ದೋನು ವೈರು ಸುತ್ತಿಟ್ಟು ಹೋಗ್ತಾನಾ?” ರೇಡಿಯೋ ಕೇಳಿದ. “ನಮ್ಮನೇಲಿ ನಾನು ಟವೆಲ್ಲೂ ಮಡಚಲ್ಲ.”

ಇನ್‌ಸ್ಪೆಕ್ಟರ್ ಗಂಟನ್ನು ಮುಟ್ಟಿ ನೋಡಿದರು. “ಹೀಗೆ ಯಾರು ಕಟ್ತಾರೆ?”

“ಈಗೆಲ್ಲ ಪ್ಲಾಸ್ಟಿಕ್ ಪಟ್ಟಿ, ಮೇಡಂ. ದಾರದಲ್ಲಿ ಕಟ್ಟೋದು…” ಮುಖ್ಯಸ್ಥರ ಮಾತು ನಿಧಾನವಾಯಿತು. “ಗಂಟಣ್ಣ ಒಬ್ರೇ.”

ಮೂವತ್ತು ವರ್ಷದಿಂದ ಅಲ್ಲಿ ವೈರ್‌ಮ್ಯಾನ್ ಆಗಿದ್ದ ಗಂಟಣ್ಣ 2.15ಕ್ಕೆ ಸ್ಟುಡಿಯೋದ ಏಣಿಯ ಮೇಲೆ ಸಿಕ್ಕರು. ಇಳಿದು, ಕೈ ಒರೆಸಿಕೊಂಡು ನಿಂತರು.

“ಬೆಳಿಗ್ಗೆ ಉಗ್ರಾಣದಲ್ಲಿ ಇದ್ರಾ?”

“ಇದ್ದೆ.”

“ಪೆಟ್ಟಿಗೆ ಎಲ್ಲಿ?”

“ಊಟದ ಚೀಲದಲ್ಲಿದೆಯಮ್ಮ.”

“ವೈರು ಯಾಕೆ ಬಿಟ್ಟು ಬಂದ್ರಿ?”

“ಅದು ಚೆನ್ನಾಗಿದೆ. ಆಫೀಸಿಗೆ ಬೇಕಾಗುತ್ತೆ.”

“ನೇರ ಪ್ರಸಾರಕ್ಕೆ ಯಾಕೆ ನುಗ್ಗಿಸಿದ್ರಿ?”

“ನುಗ್ಗಿಸ್ಲಿಲ್ಲ. ಒಂದ್ಸಲ ಕೇಳೋಣ ಅಂತ ಹಾಕಿದೆ. ಆ ಸಾಕೆಟ್‌ನಿಂದ ಉಗ್ರಾಣದ ಸ್ಪೀಕರ್‌ಗೆ ಬಿಟ್ರೆ ಬೇರೆಲ್ಲಿಗೂ ದಾರಿ ಇಲ್ಲ. ಹೊರಗೆ ಹೋಗೋ ವೈರನ್ನ ಒಂಬತ್ತು ವರ್ಷದ ಹಿಂದೆ ನಾನೇ ಕತ್ತರಿಸಿದ್ದು.”

“ಹೋದ ತಿಂಗಳು ಅದನ್ನೂ ನೆಟ್‌ವರ್ಕ್‌ಗೆ ಸೇರಿಸಿದ್ವಿ, ಗಂಟಣ್ಣ,” ಎಂದರು ಮುಖ್ಯಸ್ಥರು. “ಮೇಲ್ ಕಳ್ಸಿದ್ದೆ.”

“ಏಣಿ ಮೇಲಿರೋನಿಗೆ ಮೇಲ್ ಎಲ್ಲಿ ಬರುತ್ತೆ ಸರ್.”

“ದನಿ ಯಾರದು?” ಇನ್‌ಸ್ಪೆಕ್ಟರ್ ಕೇಳಿದರು.

ಗಂಟಣ್ಣ ಮೇಲಿನ ಗಾಜಿನ ಕೋಣೆ ನೋಡಿದರು. “ನಮ್ಮ ಮನೆಯವಳದ್ದು. ಅಲ್ಲೇ ಶಬ್ದದ ಕೆಲಸ. ಬೆಳಿಗ್ಗೆ ಬೆಳಿಗ್ಗೆ ಒಂದೊಂದೇ ಲೈನು ಪರೀಕ್ಷೆ ಮಾಡೋಳು. ನಾನು ಕೆಳಗೆ ನಿಂತು ಕೈ ಎತ್ತಬೇಕು. ತೀರಿಹೋಗಿ ಎರಡು ವರ್ಷ ಆಯ್ತು.”

“ಮನೇಲಿ ಬೇರೆ ಧ್ವನಿಮುದ್ರಣ ಇಲ್ವಾ?”

“ಊರಿನವರ ದನಿಯೆಲ್ಲ ಹಿಡಿದಿಟ್ಟಳು. ಅವಳದ್ದು ಹಿಡಿದಿಡೋಕೆ ನನಗೆ ಹೊಳೀಲಿಲ್ಲ.”

“ಕೇಳಿ ತಗೋಬಹುದಿತ್ತಲ್ಲ?”

“ಅರ್ಜಿ ಕೊಟ್ಟೆ. ಪಟ್ಟಿ ಆಗೋಗಿದೆ, ಅಳಿಸಿಯೇ ಗುಜರಿಗೆ ಕೊಡೋದು ಅಂದ್ರು.”

ಮುಖ್ಯಸ್ಥರು ತಮ್ಮ ಬೂಟು ನೋಡಿಕೊಂಡರು.

3.50ಕ್ಕೆ ಬಂಧನ. ಠಾಣೆಯಲ್ಲಿ ರೇಡಿಯೋ ಗಂಟಣ್ಣನಿಗೆ ತನ್ನ ಕುರ್ಚಿಯನ್ನೇ ಕೊಟ್ಟ. ಹಿಂದೆಯೇ ಮುಖ್ಯಸ್ಥರು ಬಂದರು.

“ಮೇಡಂ, ದೂರು ವಾಪಸ್ ತಗೊಳ್ತೀನಿ.”

“ತಗೊಂಡ್ರೆ ಪೆಟ್ಟಿಗೆ ಎಲ್ಲಿಗೆ ಹೋಗುತ್ತೆ?”

“ಕೇಂದ್ರಕ್ಕೆ. ಆಮೇಲೆ… ಪಟ್ಟಿ ನನ್ನ ಕೈಯಲ್ಲಿಲ್ಲ, ಮೇಲಿನವರದ್ದು.”

“ಹಾಗಾದ್ರೆ ದೂರು ಇರಲಿ. ಕೇಸು ಮುಗಿಯೋ ತನಕ ಸಾಕ್ಷ್ಯ ಅಳಿಸೋಕೆ ಯಾರಿಗೂ ಬಿಡಲ್ಲ. ಅದರ ನಕಲು ಆರೋಪಿಗೂ ಸಿಗಬೇಕು. ಕಾನೂನು.” ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. “ಸಂಜೆಗೆ ಜಾಮೀನು ನೀವೇ ಕೊಡಿ.”

ಮುಖ್ಯಸ್ಥರು ತಲೆಯಾಡಿಸಿದರು.

ಕೇಸ್ ಡೈರಿಯಲ್ಲಿ ಉದ್ದೇಶದ ಮುಂದೆ ಒಂದೇ ಸಾಲು: ಹೆಂಡತಿಯ ದನಿ ಉಳಿಸಿಕೊಳ್ಳುವುದು.

4.30ಕ್ಕೆ, ಸೀಲ್ ಮಾಡುವ ಮೊದಲು, ಪಂಚರ ಎದುರು ಪೆಟ್ಟಿಗೆಯನ್ನು ಪೂರ್ತಿ ಕೇಳಿಸಿ ಬರೆದುಕೊಳ್ಳಬೇಕಿತ್ತು. ಒಂದನೇ ಲೈನು. ಗಂಟಣ್ಣ ಕೈ ಎತ್ತಿದರು. ಎರಡು. ಮೂರು. ಪ್ರತಿ ಸಲವೂ ಕೈ ಮೇಲೇರಿತು. ಯಾರೂ ಬೇಡವೆನ್ನಲಿಲ್ಲ. ರೇಡಿಯೋ ಸದ್ದಿಲ್ಲದೆ ಬರೆಯುತ್ತಿದ್ದ.

ಏಳನೇ ಲೈನು ಬಂದಾಗ ಗಂಟಣ್ಣ ತಲೆ ಕೆರೆದುಕೊಂಡರು. ಅವಳು ಬಯ್ಯುವ ತನಕ ಕಾದು, ಆಮೇಲೆ ಕೈ ಎತ್ತಿದರು.