ಹೊಂಗೆಯ ನೆರಳಲ್ಲಿ ಕರೆದ ಹೆಸರು

"ನಿಲ್ರೀ! ಅಲ್ಲಿ ಕಾಲಿಡ್ಬೇಡಿ!"

ಕೂಗು ಕಿವಿಗೆ ಬೀಳುವಷ್ಟರಲ್ಲೇ ಯಾರೋ ಸಿಂಧುವಿನ ಮುಂಗೈ ಹಿಡಿದು ಹಿಂದಕ್ಕೆ ಎಳೆದಿದ್ದರು. ಅವಳ ಕೈಯಲ್ಲಿದ್ದ ನೀರಿನ ಬಾಟಲಿ ಜಾರಿ ಲಂಟಾನ ಪೊದೆಯೊಳಗೆ ಉರುಳಿತು. ಒಂದು ಕ್ಷಣ ಏನೂ ಇಲ್ಲ... ಆಮೇಲೆ ಎಲ್ಲೋ ಆಳದಿಂದ ಸಣ್ಣದೊಂದು ಸದ್ದು!

ಸಿಂಧು ಎರಡು ಹೆಜ್ಜೆ ಹಿಂದೆ ಸರಿದಳು.

"ಹಳೇ ಗಣಿ ಬಾಯಿ ಐತೆ ಅಲ್ಲಿ. ಎಷ್ಟು ಮಣ್ಣು ತುಂಬಿಸಿದ್ರೂ ಮಳೆಗೆ ಕುಸೀತೈತೆ. ಬೇಲಿ ಮುರಿದಿದ್ದು ಕಾಣ್ಲಿಲ್ವಾ?"

ಅವಳು ತಿರುಗಿ ನೋಡಿದಳು. ಕಾರ್ಖಾನೆಯ ನೀಲಿ ಅಂಗಿ ತೊಟ್ಟ ಯುವಕ. ಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತು. ಅವಳಿಗಿಂತ ಹೆಚ್ಚಾಗಿ ಅವನೇ ನಡುಗುತ್ತಿದ್ದ! ಹಿಡಿದ ಕೈಯನ್ನು ಬಿಡುವುದನ್ನೂ ಮರೆತಿದ್ದ.

ಅಷ್ಟರಲ್ಲಿ ಮರಗಳಾಚೆಯ ಮನೆಸಾಲಿನಿಂದ ಹೆಂಗಸಿನ ದನಿ ತೇಲಿ ಬಂತು. "ಅಂಬರೀಶಾ... ಏ ಅಂಬರೀಶಾ..."

"ಬಂದೆ ಕಣಮ್ಮಾ!" ಎಂದು ಕೂಗಿ ಅವನು ಹೊರಟೇಬಿಟ್ಟ.

'ಅಂಬರೀಶ...' ಸಿಂಧು ಮನಸ್ಸಿನಲ್ಲೇ ಹೇಳಿಕೊಂಡಳು.

ಬಂಗಾರಪೇಟೆಯ ಹುಡುಗಿ ಸಿಂಧು. ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದವಳು ಬೆಳಗಿನ ರೈಲಿನಲ್ಲಿ ಉರಿಗಾಂಗೆ ಬಂದು, ಅಲ್ಲಿಂದ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಮನೆಸಾಲುಗಳ ಹಿಂದಿರುವ ಈ ಕಾಡಿಗೆ ನಡೆಯುತ್ತಿದ್ದಳು. ಹೊಂಗೆ, ಬೇವು, ಹುಣಸೆ ಬೆಳೆದು ನಿಂತ ಪುಟ್ಟ ಕಾಡು. ಒಂದು ಕಡೆ ಮುಚ್ಚಿದ ಗಣಿಯ ತುಕ್ಕು ಹಿಡಿದ ಕಬ್ಬಿಣದ ಗೋಪುರ, ಇನ್ನೊಂದು ಕಡೆ ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ರಾಶಿ, ಸಸಿ ಹಿಡಿಯದ ಸೈನೈಡ್ ದಿಬ್ಬ. ಗಾಳಿ ಎದ್ದರೆ ದಿಬ್ಬದ ಬಿಳಿ ದೂಳು ಎಲೆಗಳ ಮೇಲೆ ಬೂದಿಯಂತೆ ಕೂರುತ್ತಿತ್ತು. ನೆಲ ತುಳಿದರೆ ಒಳಗೆ ಟೊಳ್ಳು ಸದ್ದು. ಸಾಲಿನ ಜನ ಆ ಕಡೆ ಸುಳಿಯುತ್ತಿರಲಿಲ್ಲ.

ಅಲ್ಲಿ ಯಾವ ಸಸಿ ಎಷ್ಟು ಬೆಳಕಿಗೆ, ಎಷ್ಟು ಮಣ್ಣಿನ ಸಾರಕ್ಕೆ ಹೇಗೆ ಬೆಳೆಯುತ್ತದೆ ಎಂದು ತಿಳಿಯುವುದೇ ಅವಳ ಕೆಲಸ. ಮುಂದೆ ಆ ಬೋಳು ದಿಬ್ಬದ ಅಂಚಿನಲ್ಲಿ ಮರ ಬೆಳೆಸಬೇಕೆನ್ನುವುದು ಅವಳ ಕನಸು.

ಮರುವಾರ ಬಂದಾಗ ಮುರಿದಿದ್ದ ಬೇಲಿಗೆ ಹೊಸ ತಂತಿ ಬಿಗಿದಿತ್ತು. ಅವನು ನೀರಿನ ಕೊಡ ಹೊತ್ತು ನಿಂತಿದ್ದ.

"ನಿಮ್ಮ ಗಿಡಕ್ಕೆ. ಬಾಟ್ಲಿ ಒಳಗೆ ಬಿತ್ತಲ್ಲ..." ಎಂದು ತಲೆ ಕೆರೆದುಕೊಂಡ.

ಸಿಂಧು ನಕ್ಕುಬಿಟ್ಟಳು!

ಅಂದಿನಿಂದ ಪಾಳಿ ಮುಗಿದ ಕೂಡಲೇ ಅವನು ಬರತೊಡಗಿದ. ಅವನ ತಾಯಿ ಕದಿರಮ್ಮನೂ ಒಮ್ಮೊಮ್ಮೆ ಜೊತೆಗೆ ಬಂದು ಮರದ ಬುಡದಲ್ಲಿ ಕೂರುತ್ತಿದ್ದಳು. ಸಿಂಧು ಅವನನ್ನು "ಅಂಬರೀಶ್" ಎಂದು ಕರೆದಾಗಲೆಲ್ಲ ಅವನು ಒಂದು ಗಳಿಗೆ ತಡೆದು, ಆಮೇಲೆ "ಊಂ" ಎನ್ನುತ್ತಿದ್ದ. ಆ ತಡೆ ಅವಳಿಗೆ ಯಾಕೋ ಇಷ್ಟವಾಗುತ್ತಿತ್ತು.

"ಇಲ್ನೋಡಿ ಅಂಬರೀಶ್," ಎಂದು ಒಂದು ದಿನ ತೋರಿಸಿದಳು. "ಈ ದೊಡ್ಡ ಹೊಂಗೆ ಕೆಳಗಿನ ಸಸಿಗಳು ಹೆಂಗೆ ಬಿಳಿಚಿಕೊಂಡಿವೆ! ಅರ್ಧಕ್ಕೆ ಗೊಬ್ಬರ ಹಾಕಿದೀನಿ, ಅರ್ಧಕ್ಕೆ ಇಲ್ಲ. ಆದ್ರೂ ಎರಡೂ ಒಂದೇ ತರ."

"ಗೊಬ್ಬರ ಹಾಕಿದ್ರೂ?"

"ಬೆಳಕೇ ಇಲ್ದಿದ್ರೆ ಗೊಬ್ಬರ ತಗೊಂಡು ಏನ್ ಮಾಡ್ತವೆ? ಅಲ್ಲಿ ಬಿಸಿಲು ಬೀಳೋ ಜಾಗದಲ್ಲಿ ನೋಡಿ, ಗೊಬ್ಬರ ಬಿದ್ದವು ಎರಡು ಪಟ್ಟು ಎದ್ದಿವೆ."

ಅವನು ಬಗ್ಗಿ ಒಂದು ಬಿಳಿಚಿದ ಎಲೆಯನ್ನು ಬೆರಳಿನಿಂದ ಸವರಿದ. "ಪಾಪ... ಕತ್ತಲಲ್ಲಿ ಅವೆ," ಎಂದ.

ಆ ದನಿಯಲ್ಲಿ ಏನಿತ್ತೋ! ಸಿಂಧುವಿನ ಕಣ್ಣು ತುಂಬಿತು. 'ಒಂದು ಸಸಿಗೆ ಇಷ್ಟು ಮರುಗೋನು ಎಂಥ ಮನುಷ್ಯ ಇರಬೇಕು...' ಮನೆಗೆ ಹೋಗುವ ರೈಲಿನುದ್ದಕ್ಕೂ ಅವನದೇ ಯೋಚನೆ.

ಆದರೆ ಆ ಸಂತೋಷ ಉಳಿಯಲಿಲ್ಲ.

ಉರಿಗಾಂ ಸ್ಟೇಷನ್ನಿನ ಮುಂದೆ ಬಚ್ಚಪ್ಪನ ಟೀ ಅಂಗಡಿ. ಒಂದು ತಿಂಗಳ ಬಿಡುವಿನ ನಂತರ ಸಿಂಧು ಬಂದ ಮುಂಜಾನೆ ಮಂಜು ಕವಿದಿತ್ತು.

"ಒಬ್ಳೇ ಆ ಕಾಡಿಗೆ ಓಗ್ತೀಯಲ್ಲಮ್ಮಾ, ಭಯ ಆಗಲ್ವಾ?" ಬಚ್ಚಪ್ಪ ಕೇಳಿದ.

"ಒಬ್ಳೇ ಯಾಕೆ? ಅಂಬರೀಶ್ ಇರ್ತಾರಲ್ಲ. ಕದಿರಮ್ಮನ ಮಗ..."

ಬಚ್ಚಪ್ಪನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಯಾರು?"

"ಅಂಬರೀಶ್."

"ಏನ್ ಮಾತಮ್ಮಾ ಇದು! ಅಂಬರೀಶ ಅದೇ ಕಾಡಲ್ಲಿ ನೆಲ ಕುಸ್ದು ಸತ್ತು ಎಷ್ಟೋ ವರ್ಸ ಆಯ್ತಲ್ಲಾ! ಎಣಾನೂ ಸಿಗ್ಲಿಲ್ಲ..."

ಬಚ್ಚಪ್ಪ ಇನ್ನೂ ಏನೋ ಹೇಳುತ್ತಿದ್ದ. ಸಿಂಧುವಿಗೆ ಕೇಳಿಸಲಿಲ್ಲ. ಕಾಲುಗಳು ತಾವಾಗಿಯೇ ಕಾಡಿನ ಕಡೆ ನಡೆದವು.

ಹಾಗಾದರೆ ಮುಂಗೈ ಹಿಡಿದು ಎಳೆದವನು ಯಾರು? ತನ್ನ ಎದುರು ಕುಳಿತು ನಕ್ಕವನು ಯಾರು?

ಮಂಜಿನಲ್ಲಿ ದೊಡ್ಡ ಹೊಂಗೆಯ ಕೆಳಗೆ ಬಂದವಳು ಬೆಚ್ಚಿದಳು. ನೆರಳಿನ ಸಸಿಗಳು ಹಸಿರಾಗಿದ್ದವು! ಗೊಬ್ಬರ ಕಾಣದವೂ ಹೊಸ ಚಿಗುರು ಹೊತ್ತು ನಿಂತಿದ್ದವು. ಬುಡದಲ್ಲಿ ಹುಳಿವಾಸನೆ, ಒಣಗಿದ ಅಂಬಲಿ. ತಲೆಯೆತ್ತಿದರೆ ಮರದಲ್ಲಿ ದೊಡ್ಡದೊಂದು ಕಿಂಡಿ. ಕೊಂಬೆಗಳನ್ನು ಯಾರೋ ಕಡಿದಿದ್ದರು.

ದೆವ್ವ ಕೊಂಬೆ ಕಡಿಯುವುದಿಲ್ಲ. ಭಯ ಇಳಿದು ಸಿಟ್ಟು ಏರಿತು.

ಅವನು ಎಂದಿನಂತೆ ಕೊಡ ಹೊತ್ತು ಬಂದ. ಸ್ವಲ್ಪ ದೂರ ಹಿಂದೆ ಕದಿರಮ್ಮ ನಿಧಾನಕ್ಕೆ ಬರುತ್ತಿದ್ದಳು.

"ಯಾರು ನೀವು?" ಸಿಂಧುವಿನ ದನಿ ಒಡೆಯಿತು. "ಅಂಬರೀಶ್ ಸತ್ತುಹೋಗಿದಾರಂತೆ! ಯಾರು ನೀವು?"

ಅವನ ಮುಖ ಬಿಳುಪೇರಿತು. ತಾಯಿಯ ಕಡೆ ಒಮ್ಮೆ ನೋಡಿದ.

"ಕೊಂಬೆ ಕಡಿದಿದ್ದು?"

"ನಾನೇ," ಎಂದ ನೆಲ ನೋಡುತ್ತಾ.

"ಯಾಕೆ?"

ಅವನು ಹೊತ್ತ ಕೊಡವನ್ನು ನೆಲಕ್ಕಿಳಿಸಿದ.

"ನೆರಳಲ್ಲಿ ಏನಾಗ್ತದೆ ಅಂತ ನೋಡೋಕೇ ಅಲ್ವಾ ನಾನು ಇಷ್ಟು ದಿನ ಕಾದಿದ್ದು? ಎಲ್ಲಾ ಹಾಳಾಯ್ತು! ಹೆಸರೂ ಸುಳ್ಳು, ಸ್ನೇಹಾನೂ ಸುಳ್ಳು..."

"ಸ್ನೇಹ ಸುಳ್ಳಲ್ಲ ಸಿಂಧು ಅವ್ರೇ," ಎಂದ ಅವನು, ಕೇಳಿಸಿತೋ ಇಲ್ಲವೋ ಎಂಬಂತೆ.

ಅವಳು ಅಳುತ್ತಲೇ ಹೊರಟುಹೋದಳು.

ಆಮೇಲೆ ಬಂಗಾರಪೇಟೆಯ ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ಅಮ್ಮ ಕಲಾ "ಏನಾಯ್ತೇ?" ಎಂದು ಕೇಳಿ ಕೇಳಿ ಸೋತಳು. ಹಳಿಯ ಮೇಲೆ ಉರಿಗಾಂ ಮಾರ್ಗವಾಗಿ ಹೋಗುವ ಮಾರಿಕುಪ್ಪಂ ರೈಲಿನ ಕೂಗು ಕೇಳಿದರೆ ಸಾಕು, ಮುಂಗೈಯಲ್ಲಿ ಆ ಹಿಡಿತ ಎದ್ದು ಬರುತ್ತಿತ್ತು. 'ಸುಳ್ಳುಗಾರ!' ಎಂದು ಬಯ್ದುಕೊಳ್ಳುತ್ತಿದ್ದಳು. ಹಾಗೆ ಬಯ್ಯುವಾಗಲೇ ಕಣ್ಣು ಒದ್ದೆಯಾಗುತ್ತಿತ್ತು.

ಕೊನೆಯ ಅಳತೆ ಬಾಕಿ ಇತ್ತು. ಅವನ ಪಾಳಿಯ ಹೊತ್ತು ನೋಡಿಕೊಂಡು ಒಂದು ಮಧ್ಯಾಹ್ನ ಸಿಂಧು ಕಾಡಿಗೆ ಬಂದಳು.

ಯಾರೋ ಮಾತಾಡುತ್ತಿದ್ದರು. ಮೆಲ್ಲನೆ ಇಣುಕಿದಳು.

ಕದಿರಮ್ಮ ಒಬ್ಬಳೇ ಹೊಂಗೆಯ ಕೆಳಗೆ ಕುಳಿತು ಚೊಂಬಿನಿಂದ ರಾಗಿ ಅಂಬಲಿ ಸುರಿಯುತ್ತಿದ್ದಳು. ಕೆನ್ನೆ ನೆಲಕ್ಕೆ ತಾಗುವಷ್ಟು ಬಾಗಿದ್ದಳು.

"ಕುಡಿ ನಾಯ್ನಾ... ಕುಡಿ ವೇಣು. ಕತ್ಲೆ ಅಂದ್ರೆ ಭಯ ಬೀಳೋನು ನೀನು. ನಿಮ್ಮಣ್ಣಂಗೆ ಯೋಳಿ ಕೊಂಬೆ ಕಡ್ಸಿವ್ನಿ ಕಣಪ್ಪಾ. ಈಗ ಒಸಿ ಬೆಳಕು ಬತ್ತೈತಾ?"

ಸಿಂಧು ಮರದ ಮರೆಯಿಂದ ಹೊರಬಂದಳು.

"ಅವ್ವಾ... ವೇಣು ಯಾರು?"

ಕದಿರಮ್ಮ ಬೆಚ್ಚಲಿಲ್ಲ. "ನನ್ ಚಿಕ್ಕ ಮಗ ಕಣಮ್ಮಾ. ಈ ಮಣ್ಣೊಳಗವ್ನೆ. ದೊಡ್ಡೋನು ಅಂಬರೀಶ ಬದುಕಿಕೊಂಡ. ಅಷ್ಟೇ ನನ್ ಪುಣ್ಯ," ಎಂದು ಸೆರಗಿನಿಂದ ಮಣ್ಣನ್ನೇ ಒರೆಸಿದಳು, ಮಗುವಿನ ಬಾಯಿ ಒರೆಸುವಂತೆ.

ಬಚ್ಚಪ್ಪ ಹೇಳಿದ್ದು ಬೇರೆ. ಸತ್ತವನು ಅಂಬರೀಶ. ಹಾಗಾದರೆ...

ಹಿಂದೆ ಒಣ ಎಲೆ ಸದ್ದಾಯಿತು. ಅವನು ನಿಂತಿದ್ದ. ತಾಯಿ ಮನೆಯಲ್ಲಿಲ್ಲ ಎಂದು ಯಾರೋ ಫೋನ್ ಮಾಡಿದ್ದಕ್ಕೆ ಕಾರ್ಖಾನೆಯಿಂದ ಓಡಿ ಬಂದಿದ್ದ.

ಸಿಂಧು ಅವನನ್ನು ಮರದಿಂದ ಆಚೆ ಕರೆದೊಯ್ದಳು. "ನೀವೇ ವೇಣು... ಅಲ್ವಾ?"

ಅವನು ಹೌದೆಂದು ತಲೆಯಾಡಿಸಿದ. ಎಷ್ಟೋ ಕಾಲದ ಮೇಲೆ ತಾಯಿಯ ಹತ್ತಿರದಲ್ಲೇ ಒಬ್ಬರು ಅವನನ್ನು ಆ ಹೆಸರಿನಿಂದ ಕರೆದಿದ್ದರು.

"ಆವತ್ತು ಮೇಕೆ ಹುಡುಕ್ಕೊಂಡು ಇಬ್ರೂ ಬಂದಿದ್ವಿ. ಆ ಹೊಂಗೆ ಹತ್ರಾನೇ ನೆಲ ಕುಸೀತು. ನನ್ನ ಎತ್ತಿದ್ರು, ಅಣ್ಣ ಸಿಗ್ಲಿಲ್ಲ. ಆಸ್ಪತ್ರೇಲಿ ಕಣ್ಣು ಬಿಟ್ಟಾಗ ಅಮ್ಮ ನನ್ನ ಮುಖ ಹಿಡ್ಕೊಂಡು 'ಅಂಬರೀಶಾ' ಅಂದ್ಳು. ನಾನು... 'ಊಂ' ಅಂದೆ. ಆ ಗಳಿಗೇಲಿ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೂ ಬರ್ಲಿಲ್ಲ. ಸಾಲಿನೋರೂ ಅವ್ಳ ಎದುರು ನನ್ನ ಹಂಗೇ ಕರೆದ್ರು."

"ಅಂದ್ರೆ ಅವರು ಅಳ್ತಿರೋದು..."

"ನನಗೋಸ್ಕರಾನೇ," ಎಂದು ನಗಲು ನೋಡಿದ, ಆಗಲಿಲ್ಲ. "ದಿನಾ ನನ್ನ ಮುಂದೆ ಕೂತು ನನಗೋಸ್ಕರಾನೇ ಅಳ್ತಾಳೆ. ವೇಣುಗೆ ಬೆಳಕು ಬೇಕು ಅಂತ ಊಟ ಬಿಟ್ಟಳು. ಅದಕ್ಕೇ ಕಡಿದೆ. ನಿಮ್ಮ ಕೆಲಸ ಹಾಳಾಗ್ತದೆ ಅಂತ ಗೊತ್ತಿತ್ತು. ಅವ್ಳ ಎದುರು ನಿಮಗೆ ಏನು ಹೇಳ್ಲಿ? ಒಂದೊಂದ್ಸಲ ನನಗೇ ಅನುಮಾನ ಬತ್ತದೆ ಸಿಂಧು ಅವ್ರೇ... ನಿಜವಾಗ್ಲೂ ಮೇಲೆ ಬಂದಿದ್ದು ನಾನೇನಾ?"

ಸಿಂಧುವಿಗೆ ತಡೆಯಲಾಗಲಿಲ್ಲ. ಅವನ ಮುಂಗೈಯನ್ನು ಎರಡೂ ಕೈಗಳಿಂದ ಹಿಡಿದಳು. ಬೆಚ್ಚಗಿತ್ತು. ನಾಡಿ ಓಡುತ್ತಿತ್ತು.

"ನೀವೇ ಬಂದಿದ್ದು. ವೇಣುನೇ ಬಂದಿದ್ದು!"

ಆ ಹೆಸರನ್ನು ಅವಳು ಜೋರಾಗಿಯೇ ಹೇಳಿದ್ದಳು.

"ಯಾರ್ನ ಕರೀತಿದ್ದೀಯಾ?" ಕದಿರಮ್ಮ ಎದ್ದು ಬಂದಿದ್ದಳು.

ವೇಣುವಿನ ಕಣ್ಣಲ್ಲಿ ಬೇಡ ಎನ್ನುವ ಬೇಡಿಕೆ ಇತ್ತು. ಸಿಂಧು ಒಂದು ಕ್ಷಣ ತಡವರಿಸಿದಳು. ಹೇಳಲೇಬೇಕೇ? ಈ ಮುದುಕಿಯ ಎದೆ ಒಡೆದರೆ? ಆದರೆ ಬದುಕಿರುವವನಿಗೆ ಅಂಬಲಿ ಎರೆಯುವುದನ್ನು ಅವನೇ ನಿಂತು ನೋಡುತ್ತಿರುವುದು ಇನ್ನೆಷ್ಟು ದಿನ?

"ಇವರನ್ನೇ ಅವ್ವಾ. ವೇಣುನ."

ಕದಿರಮ್ಮ ಮಗನ ಹತ್ತಿರ ಬಂದಳು. ಒರಟು ಬೆರಳುಗಳು ಅವನ ಹಣೆ ಸವರಿದವು. ಹುಬ್ಬಿನ ಗಾಯದ ಮೇಲೆ ನಿಂತವು. "ಇದು... ಚಿಕ್ಕೋನು ಬಾವಿ ಕಟ್ಟೆ ಮೇಲಿಂದ ಬಿದ್ದಾಗ ಆಗಿದ್ದು..." ಎಂದು ಗೊಣಗಿದಳು.

"ಹೌದಮ್ಮಾ," ವೇಣು ಮಗುವಿನಂತೆ ಅತ್ತುಬಿಟ್ಟ. "ನಾನು ಕಣಮ್ಮಾ. ವೇಣು."

ಅವಳು ಅವನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದಳು. ಆಮೇಲೆ ತುಟಿಯಿಂದ ಜಾರಿದ್ದು ಒಂದೇ ಮಾತು.

"ಅಂಗಾದ್ರೆ... ನನ್ ಅಂಬರೀಶ?"

ವೇಣು ಹೊಂಗೆಯ ಬುಡದ ಮಣ್ಣಿನ ಕಡೆ ನೋಡಿದ. ಕದಿರಮ್ಮ ನೆಲಕ್ಕೆ ಕುಸಿದಳು. ದೊಡ್ಡ ಮಗನಿಗಾಗಿ ಅಂದೇ ಮೊದಲ ಸಲ ಬಾಯಿ ಬಡಿದುಕೊಂಡು ಅತ್ತಳು. ಕೂಗು ಕೇಳಿ ಸಾಲಿನ ಹೆಂಗಸರೆಲ್ಲ ಓಡಿ ಬಂದರು. ಎಷ್ಟೋ ವರ್ಷಗಳಿಂದ ಆ ಕಾಡಿಗೆ ಕಾಲಿಡದವರು ಅವಳನ್ನು ತಬ್ಬಿಕೊಂಡು ಕೂತರು. ಆ ಸಂಜೆ ಮನೆಯಲ್ಲಿ ಅಂಬರೀಶನ ಫೋಟೋಗೆ ಹೂವಿನ ಹಾರ ಬಿತ್ತು.

ಹೊಂಗೆಯ ಕೆಳಗಿನ ಸಸಿಗಳನ್ನು ಸಿಂಧು ತನ್ನ ಲೆಕ್ಕದಿಂದ ಕೈಬಿಟ್ಟಳು. ಕೊಂಬೆ ಕಡಿದಿದ್ದನ್ನು ಮುಚ್ಚಿಡದೆ ಸಂಶೋಧನೆಯ ಗೈಡ್‌ಗೆ ಹೇಳಿದಳು, ಬೈಸಿಕೊಂಡಳು. ಬೇರೆ ಮರದ ನೆರಳಲ್ಲಿ ಹೊಸದಾಗಿ ಸಸಿ ನೆಟ್ಟಳು. ಓದು ಒಂದು ವರ್ಷ ಹಿಂದೆ ಬಿತ್ತು. ಅದಕ್ಕಾಗಿ ಅವಳು ಮರುಗಲಿಲ್ಲ.

ಆ ವರ್ಷದ ಮಳೆ ಮುಗಿದ ಒಂದು ಸಂಜೆ ಉರಿಗಾಂ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕುಳಿತಿದ್ದರು. ಸೈನೈಡ್ ದಿಬ್ಬದ ಮೇಲೆ ಬಿಸಿಲು ಇಳಿಯುತ್ತಿತ್ತು.

"ಅಮ್ಮ ಇವತ್ತು ಮತ್ತೆ ಅಂಬರೀಶಾ ಅಂದ್ಳು," ಎಂದ ವೇಣು. "ನಾಳೆ ವೇಣು ಅಂತಾಳೆ. ಡಾಕ್ಟ್ರು ಹೇಳಿದ್ರು, ಇನ್ನು ಹಿಂಗೇ ಅಂತೆ."

"ಗೊತ್ತು."

"ಇಂಥ ಮನೆಗೆ..." ಅವನು ಹಳಿಯ ಕಡೆ ನೋಡಿದ. "ಸತ್ತೋರ್ಗೂ ಬದುಕಿರೋರ್ಗೂ ತಟ್ಟೆ ಇಡೋ ಮನೆ ನಮ್ದು. ಅಲ್ಲಿಗೆ ಬನ್ನಿ ಅಂತ ಯಾವ ಬಾಯಲ್ಲಿ ಕೇಳ್ಲಿ ಸಿಂಧು ಅವ್ರೇ? ಕೇಳ್ದೆ ಇರೋಕೂ ಆಗ್ತಿಲ್ಲ. ನೀವು ಅಂದ್ರೆ ನನಗೆ... ಪ್ರಾಣ."

ದೂರದಲ್ಲಿ ರೈಲು ಕೂಗಿತು. ರೈಲು ಬಂತು, ನಿಂತಿತು, ಜನ ಹತ್ತಿದರು. ಸಿಂಧು ಬೆಂಚಿನಿಂದ ಏಳಲಿಲ್ಲ.

"ಅಯ್ಯೋ, ರೈಲು ಹೊರಟೋಯ್ತು!"

"ಹೋಗ್ಲಿ ಬಿಡಿ. ಇವತ್ತು ಅವ್ವನ ಕೈ ಮುದ್ದೆ ತಿಂದು, ಆಮೇಲಿನ ಗಾಡೀಲಿ ಹೋಗ್ತೀನಿ. ನಾಡಿದ್ದು ನೀವಿಬ್ರೂ ನಮ್ಮನೆಗೆ ಬನ್ನಿ, ನಮ್ಮಮ್ಮನ ಹತ್ರ ಹೆಣ್ಣು ಕೇಳೋಕೆ."

ವೇಣು ಬೆರಗಾಗಿ ಅವಳನ್ನೇ ನೋಡಿದ. "ನಿಜವಾಗ್ಲೂ ನಮ್ಮನೆಗೆ ಬತ್ತೀರಾ?"

"ಬತ್ತೀರಾ ಅಂದ್ರೆ ಬರಲ್ಲ."

"ಮತ್ತೆ?"

"ಬತ್ತೀಯಾ ಅನ್ನು."

ಅವನು ಅತ್ತಿತ್ತ ನೋಡಿ, ನಾಚಿ, ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದ.

"ಬತ್ತೀಯಾ ಸಿಂಧೂ?"

"ಬತ್ತೀನಿ ಕಣೋ."