ಡ್ಯಾಶ್‌ಬೋರ್ಡಿನ ಎಡಗಡೆ

ನನ್ನ ಫೋನು ನಾಲೆಗೆ ಬಿತ್ತು.

ತಾನಾಗಿ ಬಿದ್ದದ್ದಲ್ಲ. ಸುನೀಲ್ಕುಮಾರ್ ಎಸೆದದ್ದು. ಅವನ ಇನ್ನೊಂದು ಕೈಯಲ್ಲಿ ವ್ಹೀಲ್ ಸ್ಪ್ಯಾನರ್ ಇತ್ತು. ಅವನು ತಂದಿದ್ದ ಸ್ಕಾರ್ಪಿಯೋ ನನ್ನ ಓಮ್ನಿಗೆ ಅಡ್ಡ ನಿಂತಿತ್ತು. ಬೆಳಗಿನ ಹತ್ತು ಗಂಟೆ. ನಾಲೆ ಏರಿಯ ಮೇಲೆ ಒಂದು ನರಪಿಳ್ಳೆ ಇಲ್ಲ.

"ಕಾರಿನ ಫೋಟೋ ತೆಗ್ದಿದ್ರಂತಲ್ಲ ರಾಣಕ್ಕ," ಎಂದ. "ಇನ್ಮೇಲೆ ಮೀನು ನೋಡ್ಕಳ್ಲಿ ಬುಡಿ."

"ಹೊಸ ಫೋನ್ ಕಣೋ."

"ಅಣ್ಣ ಕೊಡುಸ್ತಾರೆ. ಸಾಯಂಕಾಲದೊಳ್ಗೆ ಕಾರು ಸಾಲಿಗ್ರಾಮದ ಶೆಡ್‌ಗೆ ಬರ್ಬೇಕು. ಹೊಸ ಅಗ್ರಾರದ ಕಡೆ ನೀವು ತಲೆ ಹಾಕ್ಬಾರ್ದು."

"ಇಲ್ಲಾಂದ್ರೆ?"

ಅವನು ಸ್ಪ್ಯಾನರ್‌ನಿಂದ ನನ್ನ ಹೆಡ್‌ಲೈಟ್ ಒಡೆದ. ನಿಧಾನವಾಗಿ... ಮೊಟ್ಟೆ ಒಡೆಯುವ ಹಾಗೆ.

ನೀವೂ ಹಳೇ ಕಾರು ಬೇಕು ಅಂತ ಬಂದಿದ್ದೀರಿ. ಅದಕ್ಕೇ ಮೊದಲು ಇದನ್ನು ಕೇಳಿಸಿಕೊಳ್ಳಿ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ... ಯಾವ ಕೊಟ್ಟಿಗೆಯಲ್ಲಿ ಯಾವ ಗಾಡಿ ಮಲಗಿದೆ ಅಂತ ನನಗೆ ಗೊತ್ತು. ಹುಡುಕುತ್ತೇನೆ. ಕೊಡಲು ಒಲ್ಲದವರನ್ನು ಒಪ್ಪಿಸುತ್ತೇನೆ. ಹೆದರಿಸಲು ಬಂದವರನ್ನು ಹೆದರಿಸುತ್ತೇನೆ. ಯಾರಿಗೂ ಬೇಕಾದ್ದಕ್ಕಿಂತ ಒಂದು ಮಾತು ಜಾಸ್ತಿ ಹೇಳುವುದಿಲ್ಲ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ.

ಎರಡು ದಿನ ಮುಂಚೆ ಸಾಲಿಗ್ರಾಮದ ಶಶಿಕುಮಾರ್ ನನ್ನನ್ನು ಕರೆಸಿದ್ದ. ದೊಡ್ಡ ಮನೆ, ದೊಡ್ಡ ಜಮೀನು, ಮೆತ್ತಗಿನ ಮಾತು. ಒರಟು ಕೆಲಸಕ್ಕೆ, ಅಣ್ಣ ಅಣ್ಣ ಅನ್ನುವ ಸುನೀಲ್ಕುಮಾರ್.

"ನಮ್ಮಪ್ಪನದೊಂದು ಅಂಬಾಸಿಡರ್ ಇತ್ತು. ಡ್ರೈವರ್ ಕುಳ್ಳಯ್ಯಂಗೆ ಕೊಟ್ಬುಟ್ಟಿದ್ರು. ಅವನು ಹೋದ ವರ್ಷ ತೀರ್ಕಂಡ. ಈಗ ಹೆಂಡ್ತಿ ಹತ್ರ ಅದೆ. ನೀವು ತಂದ್ಕೊಡಿ, ಪೂರ್ತಿ ರಿಸ್ಟೋರ್ ಮಾಡ್ಸೋಣ. ಎಲ್ಲೂ ಒಂದು ಗೆರೆ ಇರ್ಬಾರ್ದು."

"ಒಳಗೂ?"

"ಒಳಗೇ ಮುಖ್ಯ."

ಆಗಲೇ ಅನುಮಾನ ಬರಬೇಕಿತ್ತು.

ಕುಳ್ಳಯ್ಯನ ಹೆಂಡತಿ ಚಿಕ್ಕಬೀರಮ್ಮ ಹುಣಸೂರಿನಾಚೆ ತನ್ನ ತವರೂರಿನಲ್ಲಿದ್ದಳು. ಹೊಲದ ನಡುವೆ ಹೊಗೆಸೊಪ್ಪು ಬೇಯಿಸುವ ಹಳೆಯ ಬ್ಯಾರನ್. ಒಲೆ ಆರಿ ಎಷ್ಟೋ ವರ್ಷವಾಗಿತ್ತು. ಒಂದು ಗೋಡೆ ಒಡೆದು ಕಾರನ್ನು ಒಳಗೆ ನಿಲ್ಲಿಸಿದ್ದರು. ತೇವವಿಲ್ಲ, ತುಕ್ಕಿಲ್ಲ. ಬಾಗಿಲು ತೆಗೆದರೆ ಹೊಗೆಸೊಪ್ಪಿನ ಘಾಟು.

ಡ್ಯಾಶ್‌ಬೋರ್ಡಿನ ಎಡಗಡೆ, ತಗಡಿನಲ್ಲಿ ಒಂದು ಗುಳಿ. ಅಂಗೈ ಹಿಡಿಯುವಷ್ಟು. ನಾನು ಬೆರಳು ಚಾಚಿದೆ.

"ಮುಟ್ಬೇಡ ಕಣವ್ವ," ಎಂದಳು ಚಿಕ್ಕಬೀರಮ್ಮ. "ಅದು ನನ್ನ ಗಂಡನ ಹಣೆ."

ಹತ್ತೊಂಬತ್ತು ವರ್ಷದ ಹಿಂದೆ ಭೇರ್ಯದ ರಸ್ತೆಯಲ್ಲಿ ಆ ಕಾರು ಒಬ್ಬ ಹುಡುಗನನ್ನು ಕೊಂದಿತ್ತು. ಹೊಸ ಅಗ್ರಹಾರದ ತಿಮ್ಮಮ್ಮನ ಒಬ್ಬನೇ ಮಗ, ಸ್ವಾಮಿ. ಸೈಕಲ್ಲಿನಲ್ಲಿ ಡೈರಿಗೆ ಹಾಲು ಕೊಂಡೊಯ್ಯುತ್ತಿದ್ದ. ಓಡಿಸುತ್ತಿದ್ದವನು ನಾನೇ ಅಂತ ಕುಳ್ಳಯ್ಯ ಒಪ್ಪಿಕೊಂಡ. ಜೈಲಿಗೆ ಹೋದ. ಬಂದ ಮೇಲೆ ಆ ಕಡೆಯ ಯಾವ ಊರೂ ಅವನನ್ನು ಸೇರಿಸಲಿಲ್ಲ.

ಸ್ಟೇರಿಂಗ್ ಹಿಡಿದಿದ್ದದ್ದು ಶಶಿಕುಮಾರ್. ಕುಳ್ಳಯ್ಯ ಎಡಗಡೆ ಕೂತಿದ್ದ. ಉದ್ದದ ಆಳಾಗಿದ್ದರೆ ತಲೆ ಗ್ಲಾಸಿಗೆ ಬಡಿಯುತ್ತಿತ್ತು. ಇವನ ಹಣೆ ತಗಡಿಗೆ ಬಡಿಯಿತು.

"ಆ ಮನೇಲಿ ಉಂಡು ಬೆಳ್ದೋನು ಅಂತ ನಮ್ಮನೆಯೋರು ಒಪ್ಕಂಡ್ರು," ಎಂದಳು. "ತಾವು ಇರೋಗಂಟ ಬಾಯಿ ಬುಡ್ಬೇಡ ಅಂತ ನನ್ ಕೈಲಿ ಆಣೆ ಹಾಕ್ಸಿದ್ರು. ಈಗ ಅವ್ರಿಲ್ಲ."

"ಏನ್ ಮಾಡ್ಬೇಕು ಅಂತೀರಿ? ಕೋರ್ಟು?"

"ಕೋರ್ಟು ಬ್ಯಾಡ. ತಿಮ್ಮಮ್ಮ ಒಂದ್ಸಲ ಬಂದು ಈ ಗುಳೀಲಿ ಕೈ ಇಟ್ಟು ನೋಡ್ಲಿ. ನನ್ನ ಮನೇಲಿ ಒಂದು ಲೋಟ ನೀರು ಕುಡೀಲಿ. ಅಷ್ಟೇ."

ರಿಸ್ಟೋರ್ ಅಂದರೆ ಕಾರನ್ನು ಶೋರೂಮಿನಿಂದ ಹೊರಟ ದಿನಕ್ಕೆ ವಾಪಸ್ ಕಳಿಸುವುದು. ನಡುವೆ ಏನೂ ನಡೆದೇ ಇಲ್ಲ ಅನ್ನುವ ಹಾಗೆ. ಇದ್ದಹಾಗೆ ಉಳಿಸುವುದು ಬೇರೆ. ಧೂಳು ಒರೆಸಬಹುದು, ಇಲಿ ಸೇರದ ಹಾಗೆ ನೋಡಿಕೊಳ್ಳಬಹುದು. ಅದು ಕಂಡದ್ದನ್ನು ಅದರ ಮೈಮೇಲಿಂದ ತೆಗೆಯುವ ಹಾಗಿಲ್ಲ. ನನ್ನ ಗಿರಾಕಿಗಳು ಮೊದಲನೆಯದನ್ನೇ ಕೇಳುತ್ತಾರೆ. ನಾನೂ ಅದನ್ನೇ ಮಾಡಿಸಿಕೊಡುತ್ತಾ ಬಂದವಳು.

ಶಶಿಕುಮಾರ್‌ಗೆ ಫೋನು ಮಾಡಿದೆ. "ಈ ಕಾರು ಹಿಂಗೇ ಇರ್ತದೆ. ಫೋಟೋ ತೆಗ್ದಿದೀನಿ. ನಾಳೆ ತಿಮ್ಮಮ್ಮನೇ ಬಂದು ನೋಡ್ತಾರೆ."

ಹೇಳಬಾರದ ಕಡೆ ಹೇಳಿದೆ. ಹೇಳಬೇಕಾದ ಕಡೆ ಹೇಳಲಿಲ್ಲ.

ಕಾರು ಕಾಯಲು ಕಂಠಪ್ಪ ಮಾವನನ್ನು ಕರೆಸಿದ್ದೆ. ನನ್ನಪ್ಪನ ಜೊತೆಗಾರರು, ಹುಣಸೂರಿನಲ್ಲಿ ಐವತ್ತು ವರ್ಷ ಗಾಡಿ ತಗಡು ತಟ್ಟುವ ಟಿಂಕರ್ ಕೆಲಸ ಮಾಡಿದವರು. ಮುದುಕರಾದರೂ ಒಂದು ಸುತ್ತಿಗೆ ಬೀಸಿದರೆ ಇಬ್ಬರು ಹಿಂದೆ ಸರಿಯುತ್ತಾರೆ.

"ಮಾವ, ನಾನು ಬರೋಗಂಟ ಹೊರಗಿನೋರು ಯಾರೂ ಇದನ್ನ ಮುಟ್ಬಾರ್ದು."

"ಅಂಥಾದ್ದೇನವ್ವ ಇದ್ರಲ್ಲಿ?"

"ಬೆಲೆ ಬಾಳೋದು."

ಅಷ್ಟೇ ಹೇಳಿದೆ. ನನ್ನ ಅಭ್ಯಾಸ.

ಮಾರನೆಯ ಬೆಳಗ್ಗೆ ತಿಮ್ಮಮ್ಮನನ್ನು ಕರೆತರಲು ಹೊರಟೆ. ಈಗ ನಾಲೆ ಏರಿಗೆ ಬನ್ನಿ.

ಸುನೀಲ್ಕುಮಾರ್ ಎರಡನೆಯ ಹೆಡ್‌ಲೈಟಿಗೆ ಕೈ ಎತ್ತಿದ. ನಾನು ರಿವರ್ಸ್ ಹಾಕಿದೆ. ಸ್ಪ್ಯಾನರ್ ಏಟು ಗಾಳಿಗೆ ಹೋಯಿತು, ಅವನು ಮುಗ್ಗರಿಸಿದ. ಹಿಂದೆ ನೂರು ಗಜದಲ್ಲಿ ನಾಲೆ ದಾಟಲು ಎತ್ತಿನ ಗಾಡಿಗೆಂದು ಕಟ್ಟಿದ ಕಿರುಸೇತುವೆ. ಅತ್ತ ತಿರುಗಿಸಿದೆ. ಓಮ್ನಿಯ ಎರಡೂ ಕನ್ನಡಿ ಕಟ್ಟೆಗೆ ಉಜ್ಜಿ ಕಿತ್ತುಹೋದವು. ಗಾಡಿ ದಾಟಿತು. ಹಿಂದೆ ಸ್ಕಾರ್ಪಿಯೋ ಬಂತು... ಬ್ರೇಕ್ ಕಿರುಚಿತು... ಮೂತಿ ಸಿಕ್ಕಿಕೊಂಡಿತು.

ಕಬ್ಬಿನ ಗದ್ದೆಗಳ ನಡುವೆ ಸಿಕ್ಕ ದಾರಿಯಲ್ಲಿ ನುಗ್ಗಿ ಹೊಸ ಅಗ್ರಹಾರ ಸೇರಿದೆ.

ತಿಮ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕತ್ತು ಎತ್ತಲಿಲ್ಲ.

"ಆ ಕುಳ್ಳನ ಮನೇಗಾ? ನಾನ್ಯಾಕ್ ಬರ್ಲಿ?"

"ನಿಮ್ಮ ಮಗಂಗೆ ಗುದ್ದಿದ್ದು ಅವ್ರಲ್ಲ ಅಜ್ಜಿ."

"ತಲೇಗೆ ಪಟ್ಟಿ ಕಟ್ಕಂಡು ಪೊಲೀಸ್ ಜೀಪಲ್ಲಿ ಕೂತಿದ್ದ. ನನ್ನ ಕಣ್ಣಲ್ಲೇ ಕಂಡಿದೀನಿ."

"ಆ ಏಟು ಎಲ್ಲಿ ಬಿತ್ತು ಅಂತ ತೋರುಸ್ತೀನಿ. ಅದನ್ನೂ ಕಣ್ಣಲ್ಲೇ ಕಾಣಿ. ಕಾರು ಅವತ್ತು ಹೆಂಗಿತ್ತೋ ಹಂಗೇ ಅದೆ."

ಅವಳ ಕೈ ನಿಂತಿತು. ಒಳಗಿನ ಮೂಲೆ ಕಡೆ ನೋಡಿದಳು. ಅಲ್ಲಿ ಒಂದು ಹಾಲಿನ ಕ್ಯಾನ್ ಇತ್ತು. ಒಂದು ಮಗ್ಗುಲು ಒಳಕ್ಕೆ ಹೋಗಿತ್ತು. ಫಳಫಳ ತೊಳೆದಿಟ್ಟಿದ್ದಳು. ಸೊಟ್ಟ ಮಾತ್ರ ತೆಗೆಸಿರಲಿಲ್ಲ.

"ಹಂಗೇ ಅದೆಯಾ?"

"ಹಂಗೇ ಅದೆ."

ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

ಬ್ಯಾರನ್ ತಲುಪಿದಾಗ ಒಂದು ಗಂಟೆ. ಚಿಕ್ಕಬೀರಮ್ಮ ಊರೊಳಗಿನ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು, ಗಾಡಿಯ ಸದ್ದಿಗೆ ನೀರಿನ ಲೋಟ ಹಿಡಿದೇ ಹೊಲದ ಬದುವಿನ ಮೇಲೆ ಓಡಿಬಂದಳು. ಕಂಠಪ್ಪ ಮಾವ ಬಾಗಿಲಲ್ಲಿ ನಿಂತಿದ್ದರು. ಮುಖದ ತುಂಬ ನಗು. ಕೈಗೆಲ್ಲ ಬಣ್ಣ.

ಬಣ್ಣ.

"ಬನ್ನಿ ಬನ್ನಿ," ಎಂದರು. "ಒಬ್ರೂ ಇತ್ತ ಸುಳೀಲಿಲ್ಲ ಕಣವ್ವ."

ನಾನು ಅವರನ್ನು ತಳ್ಳಿಕೊಂಡು ಒಳಗೆ ಹೋದೆ.

ಡ್ಯಾಶ್‌ಬೋರ್ಡು ಹೊಳೆಯುತ್ತಿತ್ತು. ಎಡದಿಂದ ಬಲದವರೆಗೆ ಒಂದೇ ಸಮ. ಸೀಟಿನ ಮೇಲೆ ಮರದ ಸುತ್ತಿಗೆ, ಉಪ್ಪು ಕಾಗದ.

"ಚಿಕ್ಕಬೀರಮ್ನೋರು ಬೆಳಗ್ಗೆ ಹೇಳುದ್ರು, ಮಧ್ಯಾನ ಕಾರು ನೋಡಕ್ಕೆ ಜನ ಬತ್ತಾರೆ ಅಂತ," ಎಂದರು ಮಾವ. "ನಾಲ್ಕು ಜನದ ಮುಂದೆ ಗುಳಿ ಬಿದ್ದ ಕಾರು ತೋರ್ಸಿದ್ರೆ ಅವ್ರ ಮಾನ ಏನಾಯ್ತದೆ? ನಾನು ಕಾಯ್ತಾ ಕುಂತು ಏನ್ ಮಾಡ್ಲಿ? ಅದೇ ಕಲರ್ ಮನೇಲಿತ್ತು, ತರುಸ್ದೆ. ಕೂಲಿ ಗೀಲಿ ಏನೂ ಬ್ಯಾಡ ಕಣವ್ವ."

ಹೊರಗಿನವರು ಮುಟ್ಟಬಾರದು ಅಂದಿದ್ದೆ. ಅವರು ಹೊರಗಿನವರಲ್ಲ.

ಚಿಕ್ಕಬೀರಮ್ಮ ಕಾರಿನೊಳಗೆ ಬಗ್ಗಿ ಅಂಗೈಯಿಂದ ತಗಡನ್ನು ಸವರಿದಳು. ಮತ್ತೆ ಸವರಿದಳು. ಕಣ್ಣಿಲ್ಲದವರು ಮುಖ ಹುಡುಕುವ ಹಾಗೆ. ಬಣ್ಣ ಇನ್ನೂ ಹಸಿ. ಅವಳ ಬೆರಳಿಗೆ ಅಂಟಿತು.

"ಇಲ್ಲೇ ಇತ್ತು ತಿಮ್ಮಕ್ಕ," ಎಂದಳು. "ದೇವ್ರಾಣೆ... ಇಲ್ಲೇ ಇತ್ತು."

ತಿಮ್ಮಮ್ಮ ಬಗ್ಗಿ ನೋಡಿದಳು. ಬೈಯಲಿಲ್ಲ.

"ನನ್ನತ್ರ ಕ್ಯಾನ್ ಅದೆ," ಎಂದಳು. "ಸೊಟ್ಟಗೇ ಅದೆ. ನೀವು ರಿಪೇರಿ ಮಾಡ್ಸಿದೀರ."

ನಡೆದದ್ದನ್ನೆಲ್ಲ ನಾನು ಹೇಳಿದೆ. ಜೀವಮಾನದಲ್ಲಿ ಅಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ಫೋನು, ನಾಲೆ, ಸುತ್ತಿಗೆ, ಹಣೆ... ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

ಚಿಕ್ಕಬೀರಮ್ಮ ಲೋಟ ಮುಂದೆ ಹಿಡಿದಳು.

"ಬಾಯಾರಿಕೆ ಇಲ್ಲ ಬುಡು," ಎಂದಳು ತಿಮ್ಮಮ್ಮ.

ಅಷ್ಟರಲ್ಲಿ ಸ್ಕಾರ್ಪಿಯೋ ಬಂತು, ಮೂತಿ ಜಜ್ಜಿಕೊಂಡು. ನಾನು ಸುತ್ತಿಗೆ ಎತ್ತಿಕೊಂಡೆ. ಸುನೀಲ್ಕುಮಾರ್ ನನ್ನ ಕಡೆ ನೋಡಲೂ ಇಲ್ಲ. ಕಾರಿನೊಳಗೆ ಇಣುಕಿದ. ಸ್ಪ್ಯಾನರನ್ನು ಕೆಳಗಿಳಿಸಿದ.

"ಇಟ್ಕಳಿ ಅಕ್ಕ," ಎಂದ. "ಅಣ್ಣಂಗೆ ಇನ್ನು ಇದು ಬೇಕಾಗಲ್ಲ." ಆಮೇಲೆ ತಿಮ್ಮಮ್ಮನ ಕಡೆ ತಿರುಗಿ, "ಬಿಸ್ಲು ಜಾಸ್ತಿ ಅಜ್ಜಿ. ಆ ಕಡೇಗೇ ಹೊಂಟಿವ್ನಿ, ಬನ್ನಿ, ಬುಡ್ತೀನಿ."

ಅವಳು ಹತ್ತಿದಳು. ಶಶಿಕುಮಾರನ ಗಾಡಿಯಲ್ಲಿ, ಎಡಗಡೆಯ ಸೀಟಿನಲ್ಲಿ ಕೂತು ಹೋದಳು.

ಕಂಠಪ್ಪ ಮಾವ ನಮ್ಮಿಬ್ಬರ ಮುಖ ನೋಡಿದರು. ಅವರ ನಗು ಆರಿತ್ತು.

"ಯಾಕವ್ವ... ಕೆಲ್ಸ ಸರಿ ಬಂದಿಲ್ವಾ?"

ಚಿಕ್ಕಬೀರಮ್ಮ ಬೆರಳಿನ ಬಣ್ಣವನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಚೆಂದಾಗೈತೆ ಕಣಪ್ಪ," ಎಂದಳು. ತಿಮ್ಮಮ್ಮ ಮುಟ್ಟದ ಲೋಟವನ್ನು ಅವರ ಕೈಗೆ ಕೊಟ್ಟಳು. "ದಣಿದಿದ್ದೀಯ, ಕುಡಿ."

ಅವಳು ಸುಳ್ಳು ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಅಷ್ಟು ನೀಟಾದ ಕೆಲಸ ನಾನೂ ನೋಡಿಲ್ಲ.